ತಿಳಿ ಸೋಪ್ ಬೇಸ್: ಕೊಳ್ಳುವ ಮುನ್ನ ಪರೀಕ್ಷಿಸಿ

ಎರಡು ವರ್ಷಗಳ ಹಿಂದಿನ ಆಷಾಢದಲ್ಲಿ ನಮ್ಮ ಭಾಗದ ಒಂದು ಮಹಿಳಾ ಸ್ವಸಹಾಯ ಸಂಘದವರು ನನ್ನನ್ನು ಕರೆಸಿದರು. ಸಂಘದ ಸಾಲದ ಹಣದಲ್ಲಿ ಹತ್ತು ಕಿಲೋ ತಿಳಿ ಸೋಪ್ ಬೇಸ್ ತಂದು, ಕರಗಿಸಿ, ಅಚ್ಚಿಗೆ ಹೊಯ್ದು, ನೂರರ ಹತ್ತಿರ ಸಾಬೂನು ಮಾಡಿದ್ದರು. ಮಾಡಿದ ದಿನ ಗಾಜಿನಂತೆ ಹೊಳೆಯುತ್ತಿದ್ದ ಸಾಬೂನು ಮೂರೇ ದಿನಕ್ಕೆ ಹನಿ ಹನಿಯಾಗಿ ನೀರೊಡೆದು, ಸುತ್ತಿದ್ದ ಕಾಗದಕ್ಕೆ ಅಂಟಿಕೊಂಡಿತ್ತು. ಸಂತೆಯಲ್ಲಿ ಕೊಂಡವರು ವಾಪಸು ತಂದಿದ್ದರು. ‘ಸಾಬೂನಿಗೂ ಬೆವರು ಬರ್ತದಾ ಸಾರ್?’ ಎಂದು ಸಂಘದ ಹಿರಿಯಾಕೆ ಕೇಳಿದರು.

ಬರುತ್ತದೆ. ಏಕೆ ಬರುತ್ತದೆ ಎಂಬುದನ್ನು ತಿಳಿದು ಬೇಸ್ ಆರಿಸಿದರೆ ಇಂಥ ನಷ್ಟ ತಪ್ಪಿಸಬಹುದು. ಬಿಡುವಿನ ವೇಳೆಯಲ್ಲಿ ಈ ಕೆಲಸ ಕೈಗೊಳ್ಳುವ ರೈತ ಕುಟುಂಬಗಳು ಹೆಚ್ಚುತ್ತಿರುವುದರಿಂದ ಈ ವಿಷಯವನ್ನು ವಿವರಿಸುವುದು ಅಗತ್ಯವೆನಿಸಿತು.

ತಿಳಿ ಬೇಸ್ ಎಂದರೇನು?

ಎಣ್ಣೆಗೆ ಕಾಸ್ಟಿಕ್ ಸೋಡಾ ಸೇರಿದಾಗ ಸಾಬೂನು ಮತ್ತು ಗ್ಲಿಸರಿನ್ ಉಂಟಾಗುತ್ತವೆ. ಸಾಮಾನ್ಯ ಸಾಬೂನು ಗಟ್ಟಿಯಾಗುವಾಗ ಅದರಲ್ಲಿ ಹರಳುಗಳು ಬೆಳೆದು ಬೆಳಕನ್ನು ತಡೆಯುತ್ತವೆ. ಗ್ಲಿಸರಿನ್, ಸಕ್ಕರೆ ಪಾಕ, ಸಾರ್ಬಿಟಾಲ್ ಮೊದಲಾದವನ್ನು ಹೆಚ್ಚಾಗಿ ಸೇರಿಸಿದರೆ ಹರಳು ದೊಡ್ಡದಾಗದೆ ಬೆಳಕು ಹಾದುಹೋಗುತ್ತದೆ. ಇದೇ ತಿಳಿ ಸಾಬೂನು. ಲಂಡನ್ನಿನ ಆಂಡ್ರ್ಯೂ ಪಿಯರ್ಸ್ 1807ರಲ್ಲಿಯೇ ಇಂಥ ಸಾಬೂನನ್ನು ಮಾರಾಟಕ್ಕೆ ತಂದಿದ್ದ.

ಬೇಸ್‌ನಲ್ಲಿ ಕಾಸ್ಟಿಕ್ ಸೋಡಾದ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಚರ್ಮ ಸುಡುವ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ ತರುವ ಆ ವಸ್ತುವನ್ನು ಮಕ್ಕಳಿರುವ ಮನೆಯಲ್ಲಿ ಮುಟ್ಟಬೇಕಾಗಿಲ್ಲ. ಇದೇ ಇದರ ದೊಡ್ಡ ಅನುಕೂಲ.

ಆದರೆ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಮಳೆಗಾಲದಲ್ಲಿ ಮುಚ್ಚಿಡದ ಬೆಲ್ಲ ನೀರು ಬಿಡುವುದಿಲ್ಲವೇ, ಹಾಗೆಯೇ ಇದೂ. ತಿಳಿ ಬೇಸ್‌ಗಳೆಲ್ಲ ಅಷ್ಟಿಷ್ಟು ಬೆವರುತ್ತವೆ. ಮಲೆನಾಡು, ಕರಾವಳಿಯವರು ಕಡಿಮೆ ಬೆವರುವ ಬೇಸನ್ನೇ ಕೇಳಿ ಕೊಳ್ಳಬೇಕು.

ಚೀಟಿ ಓದಿ

ಗೊಬ್ಬರದ ಚೀಲದ ಮೇಲಿನ ಅಂಕಿ ಓದುವಂತೆ ಬೇಸ್‌ನ ಪೊಟ್ಟಣದ ಚೀಟಿಯನ್ನೂ ಓದಬೇಕು. ಸೋಡಿಯಂ ಸ್ಟಿಯರೇಟ್, ಸೋಡಿಯಂ ಲಾರೇಟ್, ಸೋಡಿಯಂ ಕೋಕೋಯೇಟ್ ಎಂದಿದ್ದರೆ ಅವು ನಿಜವಾದ ಸಾಬೂನಿನ ಅಂಶಗಳು. ಗ್ಲಿಸರಿನ್, ಸಾರ್ಬಿಟಾಲ್, ಪ್ರೊಪಿಲೀನ್ ಗ್ಲೈಕಾಲ್ ಎಂಬುವು ತಿಳಿಯಾಗಿಸಲು ಹಾಕಿದವು. ಸೋಡಿಯಂ ಲಾರೆತ್ ಸಲ್ಫೇಟ್ ಎಂದಿದ್ದರೆ ನೊರೆಗಾಗಿ ಡಿಟರ್ಜೆಂಟ್ ಸೇರಿಸಿದ್ದಾರೆ ಎಂದು ತಿಳಿಯಿರಿ. ಅಂಶಗಳ ಪಟ್ಟಿ, ತಯಾರಾದ ದಿನಾಂಕ, ಬ್ಯಾಚ್ ಸಂಖ್ಯೆ ಯಾವುದೂ ಇಲ್ಲದ ಬಿಡಿ ಬೇಸ್ ಎಷ್ಟೇ ಅಗ್ಗವಾದರೂ ಬೇಡ. ಮೇಲಿನ ಸಂಘದವರು ತಂದದ್ದು ಅಂಥದ್ದೇ.

ನಿಮ್ಮ ನೀರು ಎಂಥದ್ದು?

ಬಯಲುಸೀಮೆಯ ಕೊಳವೆಬಾವಿಗಳ ನೀರು ಬಹುಮಟ್ಟಿಗೆ ಗಡಸು. ಅದರಲ್ಲಿರುವ ಸುಣ್ಣದ ಅಂಶ ನಿಜವಾದ ಸಾಬೂನಿನೊಡನೆ ಸೇರಿ ಮೊಸರು ಒಡೆದಂತೆ ಬಿಳಿ ಚೂರುಗಳಾಗುತ್ತದೆ, ನೊರೆ ಏಳುವುದಿಲ್ಲ. ಡಿಟರ್ಜೆಂಟ್ ಸೇರಿದ ಬೇಸ್ ಇಂಥ ನೀರಿನಲ್ಲೂ ನೊರೆ ಕೊಡುತ್ತದೆ, ಆದರೆ ಕೆಲವರ ಚರ್ಮವನ್ನು ಒಣಗಿಸುತ್ತದೆ. ಕೆರೆ, ಮಳೆನೀರು ಬಳಸುವ ಊರಿಗೆ ನಿಜವಾದ ಸಾಬೂನಿನ ಬೇಸ್ ಸಾಕು. ಗಡಸು ನೀರಿನ ಊರಿನಲ್ಲಿ ಮಾರುವವರು ಎರಡನ್ನೂ ಹೋಲಿಸಿ ನೋಡಬೇಕು.

ನಾಲ್ಕು ಪರೀಕ್ಷೆಗಳು

ಒಮ್ಮೆಗೇ ಹತ್ತು ಕಿಲೋ ತರಬೇಡಿ. ಎರಡು ಮೂರು ಬಗೆಯ ಬೇಸನ್ನು ಒಂದೊಂದು ಕಿಲೋ ತಂದು ಮನೆಯಲ್ಲೇ ಪರೀಕ್ಷಿಸಿ.

1. ಓದುವ ಪರೀಕ್ಷೆ: ಸ್ವಲ್ಪ ಬೇಸ್ ಕರಗಿಸಿ, ಬೆರಳು ದಪ್ಪದ ಬಿಲ್ಲೆ ಹೊಯ್ದು ಆರಿಸಿ. ಅದನ್ನು ಈ ಪತ್ರಿಕೆಯ ಮೇಲಿಟ್ಟರೆ ಅಕ್ಷರ ಓದಲು ಬರಬೇಕು. ಮಸುಕಾದರೆ ಅಥವಾ ಹಳದಿಗೆ ತಿರುಗಿದರೆ ಬೇಡ.

2. ಬೆವರಿನ ಪರೀಕ್ಷೆ: ಪ್ರತಿ ಬಗೆಯ ಒಂದೊಂದು ತುಂಡನ್ನು ತಟ್ಟೆಯಲ್ಲಿ ಬಿಡಿಯಾಗಿಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ ಇರಿಸಿ, ಎಲ್ಲವನ್ನೂ ಒಂದೇ ಕುಕ್ಕೆಯಿಂದ ಮುಚ್ಚಿ. ಬೆಳಿಗ್ಗೆ ಯಾವುದರ ಮೇಲೆ ಹನಿ ಕಡಿಮೆಯೋ ಅದು ಮಳೆಗಾಲಕ್ಕೆ ಲೇಸು.

3. ನೀರಿನ ಪರೀಕ್ಷೆ: ಬಾಟಲಿಗೆ ಅರ್ಧ ನಿಮ್ಮೂರ ನೀರು ತುಂಬಿ, ಬೇಸ್‌ನ ತುರಿ ಹಾಕಿ ಕುಲುಕಿ. ಮಳೆನೀರಿನಲ್ಲೂ ಹೀಗೇ ಮಾಡಿ ನೊರೆಯನ್ನು ಹೋಲಿಸಿ.

4. ವಾಸನೆ, ಚರ್ಮ: ಒಳ್ಳೆಯ ಬೇಸ್‌ಗೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಕಮಟು ವಾಸನೆಯ ಬೇಸನ್ನು ಯಾವ ಸುಗಂಧವೂ ಮುಚ್ಚಲಾರದು. ಒಂದು ವಾರ ಮನೆಯವರು ಕೈ ತೊಳೆದು ನೋಡಲಿ. ತುರಿಕೆ, ಉರಿ ಇದ್ದರೆ ಬಿಡಿ.

ಕರಗಿಸುವ ಕ್ರಮ

ಒಳ್ಳೆಯ ಬೇಸ್ ಕೂಡ ತಪ್ಪು ಕ್ರಮದಿಂದ ಕೆಡುತ್ತದೆ. ನೇರ ಉರಿಯ ಮೇಲೆ ಇಡಬಾರದು. ಚಿಕ್ಕ ತುಂಡುಗಳಾಗಿ ಕತ್ತರಿಸಿ ಸ್ಟೀಲ್ ಪಾತ್ರೆಗೆ ಹಾಕಿ, ಆ ಪಾತ್ರೆಯನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸಬೇಕು. 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು. ಕುದಿಸಿದರೆ ನೀರಿನಂಶ ಆರಿ ಬೇಸ್ ಹಳದಿಯಾಗುತ್ತದೆ. ಜೋರಾಗಿ ಕಲಕಿದರೆ ಗುಳ್ಳೆ ಸೇರುತ್ತದೆ. ಮೇಲೆ ಬಂದ ಗುಳ್ಳೆಗೆ ಒಲೆಯಿಂದ ದೂರದಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಸಿಂಪಡಿಸಿದರೆ ಒಡೆಯುತ್ತದೆ. ಬೇಗ ಗಟ್ಟಿಯಾಗಲೆಂದು ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದಾಗ ಮಂಜು ಕಟ್ಟುತ್ತದೆ. ನೆರಳಿನಲ್ಲೇ ಆರಲಿ. ಅಚ್ಚಿನಿಂದ ಬಿಡಿಸಿದ ದಿನವೇ ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿಯಾಗಿ ಸುತ್ತಿ. ಬರಿಯ ಕಾಗದ ಸಾಲದು.

ಅರಿಶಿನ, ಲೋಳೆಸರ, ಹಾಲು

ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದು ಎಲ್ಲರಿಗೂ ಗೊತ್ತು. ಸಾಬೂನಿಗೂ ಕ್ಷಾರ ಗುಣವಿರುವುದರಿಂದ ಅರಿಶಿನ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಬೇಸ್ ಕೆಟ್ಟಿತೆಂದು ಗಾಬರಿಪಡಬೇಕಿಲ್ಲ. ಹಸಿ ಲೋಳೆಸರ, ಹಸಿ ಹಾಲು ಹಾಕಬೇಡಿ. ಸಾಬೂನು ಮಸುಕಾಗುತ್ತದೆ, ದಿನ ಕಳೆದಂತೆ ಹುಳಿತು ಬೂಸು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ ಜರಡಿ ಹಿಡಿದ ಪುಡಿ ಕಿಲೋಗೆ ಒಂದೆರಡು ಚಹಾ ಚಮಚ ಸಾಕು. ಬೇವು, ಕೊಬ್ಬರಿ ಎಣ್ಣೆ ಎರಡು ಚಹಾ ಚಮಚ ಮೀರಿದರೆ ತಿಳಿತನ ಹೋಗಿ ನೊರೆ ಕುಗ್ಗುತ್ತದೆ. ನಿಂಬೆಹುಲ್ಲಿನ ಎಣ್ಣೆಯಂಥ ಸುಗಂಧ ಕಿಲೋಗೆ 10 ಮಿಲಿ ಮೀರದಿರಲಿ.

ಮಾರುವವರ ಗಮನಕ್ಕೆ

ಮನೆ ಬಳಕೆಗೆ ಯಾವ ತೊಡಕೂ ಇಲ್ಲ. ಆದರೆ ಮೈ ಸಾಬೂನು ಕಾನೂನಿನ ಪ್ರಕಾರ ಸೌಂದರ್ಯವರ್ಧಕ. ಮಾರಾಟಕ್ಕೆ ತಯಾರಿಸುವವರು ಕಾಸ್ಮೆಟಿಕ್ಸ್ ನಿಯಮಗಳು, 2020ರಂತೆ ಪರವಾನಗಿ ಪಡೆಯಬೇಕು. ಸಾಲ ಎತ್ತುವ ಮೊದಲೇ ಜಿಲ್ಲೆಯ ಔಷಧ ನಿಯಂತ್ರಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ‘ಕಜ್ಜಿ ವಾಸಿಯಾಗುತ್ತದೆ’ ಎಂದು ಚೀಟಿಯಲ್ಲಿ ಬರೆಯಬೇಡಿ. ಬೆಲೆ ಕಟ್ಟುವಾಗ ಬೇಸ್ ಒಂದನ್ನೇ ಲೆಕ್ಕ ಹಾಕದೆ, ಪಾತ್ರೆಗಂಟಿ ಹೋದದ್ದು, ಸುತ್ತುವ ಹಾಳೆ, ಗ್ಯಾಸು, ಬಸ್ ಚಾರ್ಜು, ನಿಮ್ಮ ದುಡಿಮೆಯ ಕೂಲಿ ಎಲ್ಲವನ್ನೂ ಸೇರಿಸಿ.

ಆ ಸಂಘದವರ ಸಾಬೂನಿನಲ್ಲಿ ಅರ್ಧದಷ್ಟನ್ನು ಒರೆಸಿ, ಫ್ಯಾನಿನ ಗಾಳಿಗೆ ಒಣಗಿಸಿ, ಹಾಳೆ ಸುತ್ತಿ ಉಳಿಸಿಕೊಂಡೆವು. ಉಳಿದದ್ದು ಮನೆಮನೆಯ ಕೈ ತೊಳೆಯುವ ಸಾಬೂನಾಯಿತು. ಸಾಲ ತೀರಿಸಲು ಅವರಿಗೆ ಮತ್ತೆ ಆರು ತಿಂಗಳು ಹಿಡಿಯಿತು. ಈಗ ಅವರು ಹೊಸ ಬೇಸ್ ಬಂದಾಗಲೆಲ್ಲ ಮೊದಲು ಒಂದು ಬಿಲ್ಲೆ ಹೊಯ್ದು, ರಾತ್ರಿಯಿಡೀ ಕುಕ್ಕೆಯಡಿ ಇಟ್ಟು ನೋಡುತ್ತಾರೆ. ಬಿತ್ತುವ ಮುನ್ನ ಬೀಜದ ಮೊಳಕೆ ಪರೀಕ್ಷಿಸುವ ರೈತನಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.