ಕೊಕ್ಕೆಗೆ ತೂಗಿದ ಹೆಬ್ಬಾತು

ಹಾಂಗ್‌ಕಾಂಗಿನ ಸಾಮಾನ್ಯ ಮನೆಯ ಅಡುಗೆಕೋಣೆಯಲ್ಲಿ ಗ್ಯಾಸ್ ಒಲೆಯಿದೆ, ಬಾಣಲೆಯಿದೆ, ಅನ್ನದ ಕುಕ್ಕರ್ ಇದೆ. ಇಡೀ ಹಕ್ಕಿಯನ್ನು ನೇತುಹಾಕಿ ಸುಡುವಷ್ಟು ಜಾಗ ಮಾತ್ರ ಇಲ್ಲ. ಹಾಗಾಗಿ ಸುಡುವ ಕೆಲಸವೆಲ್ಲ ಬೀದಿಯ ‘ಸಿಯು ಮೇ’ ಅಂಗಡಿಯ ಪಾಲು. ಗಾಜಿನ ಹಿಂದೆ ಸಾಲಾಗಿ ಕೊಕ್ಕೆಗಳು. ಅವುಗಳಲ್ಲಿ ಕಂದುಕೆಂಪು ಹೆಬ್ಬಾತು, ಸಿಹಿ ಲೇಪದ ‘ಚಾರ್ ಸಿಯು’ ಹಂದಿಮಾಂಸ, ಗರಿಗರಿ ತೊಗಲಿನ ಹಂದಿ ಹೊಟ್ಟೆ. ಸಂಜೆ ಕೆಲಸ ಮುಗಿಸಿ ಮನೆಗೆ ಹೊರಟವರು ಇಲ್ಲಿ ನಿಂತು ಒಂದಿಷ್ಟು ಕಡಿಸಿಕೊಂಡು ಹೋಗುತ್ತಾರೆ. ಹೇಳದೆ ಕೇಳದೆ ನೆಂಟರು ಬಂದರೂ ಅಷ್ಟೆ, ಕುದುರೆ ಬಾಲಕ್ಕೆ ಕಟ್ಟಿದ ದುಡ್ಡು ತಿರುಗಿ ಬಂದರೂ ಅಷ್ಟೆ: ಅನ್ನ ಮನೆಯಲ್ಲಿ, ಮಾಂಸ ಅಂಗಡಿಯಿಂದ. ಪ್ರವಾಸಿಗರು ಇದನ್ನು ವಿಶೇಷ ಭೋಜನವೆಂದು ಹುಡುಕಿಕೊಂಡು ಬರುತ್ತಾರೆ. ಊರಿನವರಿಗೆ ಅದು ತಮ್ಮ ಅಡುಗೆಮನೆಯದೇ ಒಂದು ಭಾಗ, ರಸ್ತೆಯಾಚೆ ಇದೆ ಅಷ್ಟೆ.

ಈ ಅಡುಗೆಯ ಜಾಣತನ ಗಾಜಿನಾಚೆಯಿಂದ ಕಾಣುವುದಿಲ್ಲ. ಗ್ವಾಂಗ್‌ಡಾಂಗ್ ಪ್ರಾಂತ್ಯದಿಂದ ಬರುವ ಹೆಬ್ಬಾತುಗಳಲ್ಲಿ ಚಿಂಗ್‌ಯುವಾನ್ ಕಡೆಯ, ಕತ್ತಿನ ಹಿಂದೆ ಕಪ್ಪು ಪಟ್ಟೆಯಿರುವ ತಳಿಗೆ ಒಳ್ಳೆಯ ಹೆಸರು. ಶುಚಿ ಮಾಡಿದ ಹಕ್ಕಿಯ ಹೊಟ್ಟೆಯೊಳಗೆ ಉಪ್ಪು, ಸಕ್ಕರೆ, ಹುದುಗಿಸಿದ ಸೋಯಾ, ಶುಂಠಿ, ಬೆಳ್ಳುಳ್ಳಿ, ಚಕ್ರಮೊಗ್ಗು, ಐದು ಮಸಾಲೆಯ ಪುಡಿ ತುಂಬಿ ಸೂಜಿಯಿಂದ ಬಿಗಿಯಾಗಿ ಮುಚ್ಚುತ್ತಾರೆ. ಆ ಐದರಲ್ಲಿ ಒಂದು ಸಿಚುವಾನ್ ಮೆಣಸು. ನಮ್ಮ ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ತಿರ್ಫಲ ಅದರದೇ ಕುಲದ್ದು, ಹಾಗಾಗಿ ಕುಮಟೆ, ಕಾರವಾರದ ನಾಲಿಗೆಗೆ ಆ ಪರಿಮಳ ತೀರಾ ಅಪರಿಚಿತವಲ್ಲ.

ಆಮೇಲೆ ಕತ್ತಿನ ಬಳಿಯಿಂದ ಗಾಳಿ ತುಂಬುತ್ತಾರೆ. ತೊಗಲು ಮಾಂಸದಿಂದ ಬಿಟ್ಟುಕೊಂಡು ಉಬ್ಬುತ್ತದೆ. ಸುಡುವಾಗ ಕೊಬ್ಬು ಕರಗಿ ಇಳಿಯಲು ಈ ಸಂದು ಬೇಕು. ಕುದಿನೀರು ಸುರಿದಾಗ ತೊಗಲು ಬಿಗಿಯುತ್ತದೆ. ಮೇಲೆ ಮಾಲ್ಟೋಸ್ ಪಾಕ ಮತ್ತು ವಿನಿಗರ್ ಬಳಿದು ಗಂಟೆಗಟ್ಟಲೆ ಗಾಳಿಗೆ ತೂಗಿಬಿಡುತ್ತಾರೆ. ತೇವ ಉಳಿದರೆ ತೊಗಲು ಗರಿಗರಿ ಆಗದು, ಆದ್ದರಿಂದ ಮಳೆಗಾಲದ ಹವೆ ಈ ಕಸುಬಿಗೆ ಶತ್ರು. ಕೊನೆಗೆ ಉದ್ದನೆಯ ಹಂಡೆಯಂಥ ಒಲೆಯೊಳಗೆ ಇಳಿಬಿಡುವುದು. ಅಲ್ಲಿ ಹೊರಗಿನಿಂದ ಹಕ್ಕಿ ಸುಡುತ್ತದೆ. ಒಳಗೆ ಹೊಲಿಗೆ ತಡೆಹಿಡಿದ ಮಸಾಲೆ ರಸದಲ್ಲಿ ಕುದಿಯುತ್ತದೆ. ಒಂದೇ ಹಕ್ಕಿಗೆ ಎರಡು ಅಡುಗೆ. ಪೀಕಿಂಗ್ ಬಾತುಕೋಳಿಯನ್ನು ತೊಗಲಿಗಾಗಿ ತಿನ್ನುತ್ತಾರೆ, ತೆಳು ರೊಟ್ಟಿಯಲ್ಲಿ ಸುತ್ತಿ. ಕ್ಯಾಂಟನಿನ ಹೆಬ್ಬಾತಿಗೆ ಅಂಥ ಆಸರೆ ಬೇಡ. ಒಲೆಯಿಂದ ತೆಗೆದ ಮೇಲೆ ಹೊಟ್ಟೆಯೊಳಗಿನ ರಸವನ್ನು ಬಸಿದಿಟ್ಟುಕೊಂಡು ಮಾಂಸದ ಮೇಲೆ ಸುರಿಯುತ್ತಾರೆ. ನನ್ನ ಮಟ್ಟಿಗೆ ಅಂಗಡಿಯ ಯೋಗ್ಯತೆ ತಿಳಿಯುವುದು ಆ ರಸ ನೆನೆದ ಅನ್ನದಲ್ಲಿ. ಜತೆಗೆ ಕೊಡುವ ಹುಳಿ ಪ್ಲಮ್ ಚಟ್ನಿ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ, ಆದರೆ ಮೊದಲ ತುತ್ತಿಗೇ ಅದನ್ನು ಮುಟ್ಟುವ ಅವಸರ ಬೇಡ.

ಮಚ್ಚು ಹಿಡಿದವನೂ ಕಸುಬುದಾರನೇ. ದಪ್ಪ ಮರದ ಕೊರಡಿನ ಮೇಲೆ ಮೂಳೆ ಸಮೇತ ಕಡಿದು, ತುಂಡುಗಳು ಚದುರದಂತೆ ಮಚ್ಚಿನ ಅಗಲದಲ್ಲೇ ಎತ್ತಿ ತಟ್ಟೆಗಿಡುತ್ತಾನೆ. ಮೂಳೆ ಉಗುಳುತ್ತ ತಿನ್ನಲು ಸಂಕೋಚಪಡಬೇಕಿಲ್ಲ, ಪಕ್ಕದವರೂ ಅದನ್ನೇ ಮಾಡುತ್ತಿರುತ್ತಾರೆ. ಒಬ್ಬರೇ ಹೋದರೆ ಅನ್ನದ ಮೇಲೆ ಹೆಬ್ಬಾತು, ಇಲ್ಲವೆ ಸಾರಿನಲ್ಲಿ ಮುಳುಗಿದ ‘ಲೈ ಫನ್’ ಎಂಬ ದಪ್ಪ ಅಕ್ಕಿ ಶಾವಿಗೆ. ಇಬ್ಬರು ಮೂವರಿದ್ದರೆ ಕಾಲು ಭಾಗ ಹೇಳಬಹುದು. ಆಗ ಮೇಲಿನದೋ ಕೆಳಗಿನದೋ ಎಂದು ಕೇಳುತ್ತಾರೆ. ಕೆಳಗಿನದರಲ್ಲಿ ತೊಡೆ ಬರುತ್ತದೆ, ಬೆಲೆಯೂ ಜಾಸ್ತಿ. ಆ ಹೆಚ್ಚುವರಿ ದುಡ್ಡು ಕೊಡುವುದೇ ಸರಿ. ಎಡಗಾಲೇ ಮೆದು, ಏಕೆಂದರೆ ಹೆಬ್ಬಾತು ಒಂಟಿಕಾಲಲ್ಲಿ ನಿಲ್ಲುತ್ತದೆ ಎಂದು ವಾದಿಸುವ ರಸಿಕರೂ ಅಲ್ಲಿದ್ದಾರೆ. ಇಂಥ ಮಾತು ಊಟಕ್ಕೆ ಉಪ್ಪಿನಕಾಯಿ, ಪ್ರಮಾಣ ಕೇಳಬಾರದು.

ಹೆಸರಾಂತ ಅಂಗಡಿಗಳಲ್ಲಿ ಸೆಂಟ್ರಲ್ ಭಾಗದ ವೆಲ್ಲಿಂಗ್ಟನ್ ಬೀದಿಯ ಯುಂಗ್ ಕೀ ಹಿರಿಯದು. ಕಾಮ್ ಶುಯಿ-ಫೈ ಎಂಬವರು ಬೀದಿಬದಿಯ ಗೂಡಂಗಡಿಯಿಂದ ಶುರುಮಾಡಿ 1942ರಲ್ಲಿ ಹೋಟೆಲ್ ಮಾಡಿದರು. 1968ರಲ್ಲಿ ‘ಫಾರ್ಚೂನ್’ ಪತ್ರಿಕೆ ಅದನ್ನು ಜಗತ್ತಿನ ಹದಿನೈದು ಉತ್ತಮ ಹೋಟೆಲುಗಳ ಸಾಲಿಗೆ ಸೇರಿಸಿತು. ಜನ ವಿಮಾನದಲ್ಲಿ ಕಟ್ಟಿಸಿಕೊಂಡು ಹೋಗಲು ತೊಡಗಿ ‘ಹಾರುವ ಹೆಬ್ಬಾತು’ ಎಂದು ಹೆಸರಾಯಿತು. ಸ್ಥಾಪಕರು 2004ರಲ್ಲಿ ತೀರಿಕೊಂಡ ಮೇಲೆ ಮಕ್ಕಳ ನಡುವಿನ ವ್ಯಾಜ್ಯ ಅಂತಿಮ ಮೇಲ್ಮನವಿ ನ್ಯಾಯಾಲಯದವರೆಗೂ ಹೋಯಿತು. ಈ ನಡುವೆ ಮೊಮ್ಮಗನೊಬ್ಬ 2014ರಲ್ಲಿ ವಾನ್ ಚಾಯ್‌ನಲ್ಲಿ ‘ಕಾಮ್ಸ್ ರೋಸ್ಟ್ ಗೂಸ್’ ತೆರೆದ, ಕೆಲವೇ ತಿಂಗಳಲ್ಲಿ ಮಿಶ್‌ಲ್ಯಾನ್ ನಕ್ಷತ್ರ ಬಂತು. ಸ್ಟಾನ್ಲಿ ಬೀದಿಯ ಇಕ್ಕಟ್ಟಾದ ಯಾಟ್ ಲೊಕ್‌ಗೂ ನಕ್ಷತ್ರ ಸಿಕ್ಕಿತು. ನಗರದ ಹೊರಗೆ, ಕ್ಯಾಸಲ್ ಪೀಕ್ ರಸ್ತೆಯ ಶಾಮ್ ಜಂಗ್ ಎಂಬ ಊರು ಹೆಬ್ಬಾತಿಗೇ ಹೆಸರುವಾಸಿ. ಒಂದು ಕಾಲಕ್ಕೆ ಅಲ್ಲಿ ಬಿಯರ್ ಕಾರ್ಖಾನೆಯೂ ಇತ್ತು. ಹೆಬ್ಬಾತಿನ ಜತೆ ಬಿಯರ್ ಯಾರ ಉಪಾಯವೋ, ಒಳ್ಳೆಯ ಉಪಾಯ.

ಜೀವಂತ ಹೆಬ್ಬಾತು ಮಾತ್ರ ಈಗ ಮಾರುಕಟ್ಟೆಯಲ್ಲಿ ಕಾಣದು. ಎಚ್5ಎನ್1 ಹಕ್ಕಿಜ್ವರದ ವೈರಾಣುವಿನ ಈಗಿನ ತಳಿ 1996ರಲ್ಲಿ ಮೊದಲು ಸಿಕ್ಕಿದ್ದು ಗ್ವಾಂಗ್‌ಡಾಂಗ್‌ನ ಹೆಬ್ಬಾತಿನಲ್ಲೇ. ಮರುವರ್ಷ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ತಗುಲಿ 6 ಮಂದಿ ಸತ್ತರು. ಆಮೇಲೆ ಬಾತು, ಹೆಬ್ಬಾತುಗಳನ್ನು ಚಿಲ್ಲರೆ ಮಾರುಕಟ್ಟೆಯಲ್ಲಿ ಜೀವಂತ ಮಾರುವುದು ನಿಂತಿತು.

ಹೋಗುವವರಿಗೆ ಎರಡು ಮಾತು. ಎಳೆಯ ಹೆಬ್ಬಾತು ಮೈತುಂಬಿಕೊಂಡಿರುವುದು ಚಿಂಗ್ ಮಿಂಗ್ ಮತ್ತು ಚುಂಗ್ ಯೆಂಗ್ ಹಬ್ಬಗಳ ಆಸುಪಾಸು, ಅಂದರೆ ಏಪ್ರಿಲ್ ಹಾಗೂ ಅಕ್ಟೋಬರ್ ಸುಮಾರಿಗೆ. ಸಣ್ಣ ಅಂಗಡಿಯಲ್ಲಿ ಅಪರಿಚಿತರ ಮೇಜಿನಲ್ಲೇ ಕೂರಿಸುತ್ತಾರೆ, ಮಾತಾಡಿಸಬೇಕೆಂದೇನಿಲ್ಲ. ಊಟದ ಹೊತ್ತಿಗೆ ಮುಂಚೆಯೇ ಹೋಗುವುದು ಲೇಸು; ತಡವಾದರೆ ಮೊದಲು ಮುಗಿಯುವುದು ತೊಡೆ. ಜತೆಗೆ ಸಸ್ಯಾಹಾರಿಗಳಿದ್ದರೆ ಅವರಿಗೆ ಬೇರೆಡೆ ಊಟ ಮುಗಿಸಿ ಬರಲು ಹೇಳಿ. ಇಲ್ಲಿ ಬೇಯಿಸಿದ ಸೊಪ್ಪು ಸಿಗುತ್ತದೆ ನಿಜ, ಆದರೆ ಅದರ ಮೇಲೆ ಸುರಿಯುವುದು ಸಿಂಪಿಯ ಸಾಸ್.