ಮನೆಯ ಹೆಪ್ಪಿನ ಯೋಗ್ಯತೆ

ಕೊಪ್ಪಳ ತಾಲೂಕಿನ ಗಿಣಿಗೇರಾದ ಕಡೆ ಜೋಳದ ರೊಟ್ಟಿ, ಶೇಂಗಾ ಚಟ್ನಿಗಳೊಡನೆ ಗಟ್ಟಿ ಮೊಸರಿಲ್ಲದಿದ್ದರೆ ಹಿರಿಯರಿಗೆ ಊಟವಾದಂತೆನಿಸುವುದಿಲ್ಲ. ರಾತ್ರಿ ಕಾಸಿದ ಹಾಲು ಉಗುರುಬೆಚ್ಚಗಾದಾಗ ನಿನ್ನೆಯ ಮೊಸರನ್ನು ಒಂದಿಷ್ಟು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಗಡಿಗೆ ಹೆಪ್ಪುಗಟ್ಟಿರುವುದು. ಹೆಪ್ಪು ತೀರಿದ ದಿನ ನೆರೆಮನೆಯಿಂದ ತರುವುದೂ ಉಂಟು. ಹೀಗೆ ಒಂದು ಓಣಿಯ ಮೊಸರೆಲ್ಲವೂ ಪರಸ್ಪರ ಬಂಧುಗಳೇ ಸರಿ!

ಹೆಪ್ಪಿನಲ್ಲಿ ವಾಸಿಸುವ ಜೀವಾಣುಗಳು ಹಾಲಿನ ಸಕ್ಕರೆಯನ್ನುಂಡು ಹುಳಿಯನ್ನು ಬಿಡುವುವು. ಆ ಹುಳಿಯಿಂದ ಹಾಲು ಗಟ್ಟಿಯಾಗುವುದು. 1905ರಲ್ಲಿ ಬಲ್ಗೇರಿಯದ ಸ್ಟಾಮೆನ್ ಗ್ರಿಗೊರೊವ್ ತನ್ನ ನಾಡಿನ ಮೊಸರಿನಲ್ಲಿ ಇಂಥದೊಂದು ಜೀವಾಣುವನ್ನು ಗುರುತಿಸಿದನು. ಪ್ಯಾರಿಸಿನ ಪಾಸ್ಟರ್ ಸಂಸ್ಥೆಯಲ್ಲಿದ್ದ ಮೆಚ್ನಿಕೋಫ್ ಪಂಡಿತನು ಹುಳಿ ಹಾಲು ಮುಪ್ಪನ್ನು ಮುಂದೂಡುವುದೆಂದು ಪ್ರತಿಪಾದಿಸಿದನು. ಅದು ಸಿದ್ಧವಾಗಲಿಲ್ಲ, ಆದರೆ ಹುಡುಕಾಟವು ಬೆಳೆಯಿತು.

ಈಗ ‘ಪ್ರೊಬಯಾಟಿಕ್’ ಎಂಬ ಹೆಸರಿನ ಪದಾರ್ಥಗಳು ಅಂಗಡಿಗಳಲ್ಲಿ ಬೆಲೆಯೇರಿ ಕುಳಿತಿವೆ. ನಮ್ಮ ಮೊಸರೂ ಅದೇ ಅಲ್ಲವೇ ಎಂದು ಗೃಹಿಣಿಯರು ಕೇಳುವುದು ಸಹಜ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ಹೇಳಿದ ಲಕ್ಷಣದಂತೆ, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಾಣುವಿಗೆ ಮಾತ್ರ ಈ ಹೆಸರು ಸಲ್ಲುವುದು. ಬರಿಯ ಜೀವವಿದ್ದರೆ ಸಾಲದು.

ಪರೀಕ್ಷೆಯೂ ಸುಲಭವಲ್ಲ. ಗುಂಪಿನಿಂದ ಒಂದೇ ತಳಿಯನ್ನು ಬೇರ್ಪಡಿಸಿ ಅದರ ಕುಲವನ್ನು ಗೊತ್ತುಮಾಡಬೇಕು. ಜಠರದ ಆಮ್ಲದಲ್ಲಿಯೂ ಪಿತ್ತರಸದಲ್ಲಿಯೂ ಅದು ಬದುಕುವುದೇ, ಕರುಳಿನ ಗೋಡೆಗೆ ಅಂಟುವುದೇ, ರೋಗಾಣುಗಳನ್ನು ತಡೆಯುವುದೇ ಎಂದು ನೋಡುವರು. ಅದು ರಕ್ತಕಣಗಳನ್ನು ಒಡೆಯಬಾರದು; ಔಷಧಗಳಿಗೆ ಬಗ್ಗದ ಗುಣವನ್ನು ಇತರ ಜೀವಾಣುಗಳಿಗೆ ದಾಟಿಸಲೂಬಾರದು. ಗಾಜಿನ ನಳಿಗೆಯಲ್ಲಿ ಗೆದ್ದರೂ ಮನುಷ್ಯರಲ್ಲಿ ಹಿತವು ಕಂಡುಬರಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಲಿಯೂ ಜೈವಿಕ ತಂತ್ರಜ್ಞಾನ ಇಲಾಖೆಯೂ 2011ರಲ್ಲಿ ಹೊರಡಿಸಿದ ಸೂಚನೆಗಳಲ್ಲಿ ಇಂಥ ಪುರಾವೆಯನ್ನೇ ಕೇಳಿವೆ.

ಮನೆಯ ಹೆಪ್ಪಾದರೋ ಹಲವು ಕುಲಗಳ ಸಂತೆ; ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬೇರೆಯಾಗುವುದು. ಅದಕ್ಕೆ ಮುದ್ರೆಯೊತ್ತುವುದು ಸಾಧ್ಯವಿಲ್ಲ. ಇದರಿಂದ ಅದರ ಬೆಲೆ ಕುಂದಿತೆಂದು ನಾವು ಬಗೆಯುವುದಿಲ್ಲ. ಹಾಲು ಒಗ್ಗದ ಅನೇಕರಿಗೆ ಮೊಸರು ಒಗ್ಗುವುದು. ಹಾಲಿನ ಸಕ್ಕರೆಯ ಒಂದು ಪಾಲನ್ನು ಜೀವಾಣುಗಳು ಮೊದಲೇ ತೀರಿಸಿರುವುವು, ಉಳಿದುದರ ಪಚನಕ್ಕೂ ನೆರವಾಗುವುವು. ಆದರೆ ಕುದಿಸಿದ ಮಜ್ಜಿಗೆಯಲ್ಲಿ ಅವು ಬದುಕವು; ಉಳಿಯುವುದು ರುಚಿಯೂ ಪೋಷಣೆಯೂ ಮಾತ್ರ.

ಕೂಸಿಗೆ ಭೇದಿಯಾದಾಗ ಮಜ್ಜಿಗೆಯೊಂದನ್ನೇ ನಂಬಿ ಕುಳಿತುಕೊಳ್ಳುವುದನ್ನು ನಾವು ಒಪ್ಪೆವು. ಓ.ಆರ್.ಎಸ್. ನೀರನ್ನು ಕೂಡಲೇ ಕುಡಿಸಲಾರಂಭಿಸಿ ವೈದ್ಯರಿಗೆ ತೋರಿಸತಕ್ಕದ್ದು. ರೋಗನಿರೋಧಕ ಶಕ್ತಿ ಕುಂದಿದವರು ಅಂಗಡಿಯ ಪ್ರೊಬಯಾಟಿಕ್ ಮಾತ್ರೆಗಳನ್ನೂ ವೈದ್ಯರನ್ನು ಕೇಳಿಯೇ ಸೇವಿಸತಕ್ಕದ್ದು.