ಗಿಟಾರಿನ ಧ್ವನಿವರ್ಧಕವನ್ನು ಕೊಳ್ಳಬಹುದೆ?

ಕಾಫಿಯ ಹಣವು ಮಲೆನಾಡಿನ ಗೃಹಸ್ಥನ ಕೈಗೆ ವರ್ಷಕ್ಕೊಮ್ಮೆ ಬರತಕ್ಕುದಾಗಿದೆ. ಕೊಯ್ಲು ಮುಗಿದು, ಕಣದಲ್ಲಿ ಒಣಗಿ, ಮೂಟೆಯಾಗಿ ಮಾರಿದ ಮೇಲೆ ಆಳುಗಳ ಬಾಕಿ, ಗೊಬ್ಬರದ ಬಾಕಿ, ಬ್ಯಾಂಕಿನ ಬಡ್ಡಿ ಇವುಗಳನ್ನು ಕಳೆದು ಉಳಿದುದರಲ್ಲಿ ಮನೆಮಂದಿಯ ಆಸೆಗಳೆಲ್ಲವೂ ತೀರಬೇಕು. ಕಳಸದ ಸಮೀಪದಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಈ ಸಾರಿ ಹೊಸ ಆಸೆಯೊಂದು ಸೇರಿಕೊಂಡಿತ್ತು. ಅವಳ ಮಗನು ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ತೋಟಕ್ಕೆ ಮರಳಿ ಎರಡು ವರ್ಷಗಳಾದುವು. ಬರುವಾಗ ಅವನು ತಂದುದು ಒಂದು ವಿದ್ಯುತ್ ಗಿಟಾರು. ಈಗ ಅದಕ್ಕೆ 'ಮಾಡೆಲಿಂಗ್ ಆಂಪ್ಲಿಫೈಯರ್' ಎಂಬ ಧ್ವನಿವರ್ಧಕವು ಬೇಕೆಂದು ಕೇಳಿದ್ದನು. ಭಾವನವರು ನನ್ನನ್ನು ಕರೆಯಿಸಿ, "ಒಂದೆರಡು ಮೂಟೆ ಪಾರ್ಚ್‌ಮೆಂಟಿನ ದುಡ್ಡು. ಇದು ಬಾಳುವ ವಸ್ತುವೋ ಹುಡುಗಾಟವೋ, ನೀನೇ ಹೇಳು ಮಾರಾಯ" ಎಂದರು. ಅಕ್ಕನು ಮಾತನಾಡಲಿಲ್ಲ. ಆದರೆ ಮಳೆಗಾಲದ ಮೂರು ತಿಂಗಳು ಮನೆಯೊಳಗೆ ಕುಳಿತಿರಬೇಕಾದ ಹುಡುಗನಿಗೆ ಮನಸ್ಸನ್ನು ಹಿಡಿದಿಡುವಂಥದು ಏನೂ ಇಲ್ಲದೆಹೋದರೆ ಅವನು ಪುನಃ ಬೆಂಗಳೂರಿನ ಬಸ್ಸನ್ನು ಹತ್ತಿಯಾನೆಂಬ ಭಯವು ಅವಳಲ್ಲಿದ್ದುದನ್ನು ನಾನು ಬಲ್ಲೆನು.

ವೀಣೆಗೆ ಹಲಸಿನ ಮರದ ಕೊಡವಿರುವುದಷ್ಟೆ. ತಂತಿಯ ದನಿಯನ್ನು ಅದು ತುಂಬಿ ಕೊಡುತ್ತದೆ. ವಿದ್ಯುತ್ ಗಿಟಾರಿನ ಒಡಲಾದರೋ ಸಾಮಾನ್ಯವಾಗಿ ಗಟ್ಟಿ ಹಲಗೆ. ಉಕ್ಕಿನ ತಂತಿಯು ಕಂಪಿಸಿದಾಗ ಕೆಳಗಿರುವ ಅಯಸ್ಕಾಂತದ ಸುತ್ತಲಿನ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುತ್ತದೆ; ಅದನ್ನು ಬಲಪಡಿಸಿ ಸ್ಪೀಕರಿಗೆ ಕೊಟ್ಟ ಹೊರತು ಪಕ್ಕದ ಕೋಣೆಗೂ ಕೇಳಿಸದು. ಮೈಕಿನ ಅನುಕೂಲವಿಲ್ಲದಿದ್ದ ಕಾಲದಲ್ಲಿ ನಮ್ಮ ಟಿ. ಚೌಡಯ್ಯನವರು (1895–1967) ಪಿಟೀಲಿಗೆ ಏಳು ತಂತಿಗಳನ್ನು ಕಟ್ಟಿ ಸಭೆಯ ಕೊನೆಯ ಸಾಲಿಗೂ ನಾದವನ್ನು ಮುಟ್ಟಿಸಿದರು. ಗಿಟಾರಿನವರು ಹಿಡಿದುದು ವಿದ್ಯುತ್ತಿನ ದಾರಿ. ಹಳೆಯ ರೇಡಿಯೋಗಳಲ್ಲಿದ್ದಂತಹ ವಾಲ್ವುಗಳನ್ನೇ ಅವರ ಯಂತ್ರಗಳಲ್ಲಿಯೂ ಇಟ್ಟಿದ್ದರು. ವಾಲ್ವಿಗೆ ಮಿತಿಮೀರಿದ ಭಾರವನ್ನು ಹಾಕಿದರೆ ದನಿಯು ಒಡೆಯುತ್ತದೆ. ಮೊದಲು ದೋಷವೆನಿಸಿದ್ದ ಈ ಒಡಕು ಕ್ರಮೇಣ ರಸಿಕರಿಗೆ ಪ್ರಿಯವಾಯಿತು. ಫೆಂಡರ್, ಮಾರ್ಷಲ್, ವಾಕ್ಸ್ ಇವುಗಳ ಒಡಕಿಗೆ ಒಂದೊಂದು ಬಗೆಯ ರುಚಿಯೆಂದು ಬಲ್ಲವರು ಹೇಳುತ್ತಾರೆ.

ಮಾಡೆಲಿಂಗ್ ಯಂತ್ರವು ಇವೆಲ್ಲವುಗಳ ವೇಷವನ್ನೂ ಹಾಕಬಲ್ಲ ಪಾತ್ರಧಾರಿಯಿದ್ದಂತೆ. ತಂತಿಯಿಂದ ಬಂದ ವಿದ್ಯುತ್ತನ್ನು ಅದು ಸೆಕೆಂಡಿಗೆ ನಲವತ್ತು ಸಾವಿರಕ್ಕೂ ಹೆಚ್ಚು ಸಾರಿ ಅಳೆದು ಅಂಕಿಗಳನ್ನಾಗಿ ಮಾಡಿಕೊಂಡು, ಇಂತಹ ವಾಲ್ವು ಇಂತಹ ಪೆಟ್ಟಿಗೆಯಲ್ಲಿದ್ದಿದ್ದರೆ ದನಿಯು ಹೇಗಾಗುತ್ತಿತ್ತೆಂದು ಲೆಕ್ಕ ಹಾಕಿ, ಪುನಃ ವಿದ್ಯುತ್ತನ್ನಾಗಿಸಿ ಸ್ಪೀಕರಿಗೆ ಕೊಡುತ್ತದೆ. ಅಮೆರಿಕದ ಲೈನ್ ಸಿಕ್ಸ್ ಕಂಪೆನಿಯು 1996ರಲ್ಲಿ ಇಂತಹ ಯಂತ್ರವೊಂದನ್ನು ಮಾರುಕಟ್ಟೆಗೆ ತಂದಿತು. ಈಗ ಅನೇಕ ಕಂಪೆನಿಗಳು ಮಾಡುತ್ತಿವೆ.

ಇದರ ಮುಖ್ಯ ಗುಣವು ನನ್ನ ಅಭಿಪ್ರಾಯದಲ್ಲಿ ವೇಷಗಳ ಸಂಖ್ಯೆಯಲ್ಲ. ನೂರು ವೇಷಗಳಿದ್ದರೂ ಹುಡುಗನು ನಿತ್ಯವೂ ಬಳಸುವುದು ಮೂರೋ ನಾಲ್ಕೋ. ವಾಲ್ವಿನ ಯಂತ್ರದಿಂದ ಆ ಒಡಕು ದನಿಯು ಬರಬೇಕಾದರೆ ಅದನ್ನು ಗಟ್ಟಿಯಾಗಿಯೇ ನುಡಿಸಬೇಕು. ಅತ್ತೆಮಾವಂದಿರು ಮಲಗಿರುವ ತೊಟ್ಟಿಮನೆಯಲ್ಲಿ ಅದು ಸಾಧ್ಯವೆ? ಮಾಡೆಲಿಂಗ್ ಯಂತ್ರದಲ್ಲಿಯಾದರೋ ಅದೇ ಬಗೆಯ ದನಿಯನ್ನು ಪಿಸುಮಾತಿನಷ್ಟು ಮೆಲ್ಲಗೆ, ಬೇಕಿದ್ದರೆ ಹೆಡ್‌ಫೋನಿನಲ್ಲಿ ಒಬ್ಬನೇ ಕೇಳಬಹುದು. ವ್ಯಾಟುಗಳ ಮೋಹವೂ ಅನಗತ್ಯ. ವ್ಯಾಟುಗಳು ಹತ್ತು ಪಟ್ಟಾದರೆ ಕಿವಿಗೆ ದನಿಯು ಸುಮಾರು ಎರಡು ಪಟ್ಟಾದಂತೆ ಮಾತ್ರವೇ ತೋರುವುದು. ಮನೆಯ ಅಭ್ಯಾಸಕ್ಕೆ 20 ವ್ಯಾಟು ಧಾರಾಳವಾಯಿತು.

ಇನ್ನು ನಮ್ಮ ಬೆಟ್ಟಗಳ ಸಂಗತಿ. ಅಂಗಡಿಯವನು ಇದನ್ನು ಹೇಳುವುದಿಲ್ಲ. ಅವನಿಗೆ ತಿಳಿದೂ ಇರಲಾರದು. ಮುಂಗಾರಿಗೆ ಮುಂಚಿನ ಗುಡುಗುಮಿಂಚಿನಲ್ಲಿ ತಂತಿಯ ಮೂಲಕ ನುಗ್ಗುವ ವಿದ್ಯುತ್ತಿಗೆ ಅಂಕಿಯ ಯಂತ್ರಗಳು ಬಹು ಬೇಗನೆ ಬಲಿಯಾಗುತ್ತವೆ. ಮೋಡ ಕವಿದೊಡನೆ ಪ್ಲಗ್ಗನ್ನು ಕಿತ್ತಿಡುವ ಅಭ್ಯಾಸವಿರಬೇಕು. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವುದು ಎಲ್ಲರೂ ಬಲ್ಲ ವಿಷಯ. ಅಗ್ಗದ ಇನ್ವರ್ಟರಿನಲ್ಲಿ ಇದನ್ನು ನಡೆಸಿದರೆ ಜೀರುಂಡೆಯಂತಹ ಝೇಂಕಾರವು ಬರುವುದುಂಟು. ಬ್ಯಾಟರಿಯಿಂದಲೂ ನಡೆಯುವ ಸಣ್ಣ ಯಂತ್ರಗಳಿವೆ. ನಮ್ಮ ಕಡೆಗೆ ಅವೇ ಲೇಸು. ವಿದೇಶದಲ್ಲಿರುವ ನೆಂಟರು ತಂದುಕೊಟ್ಟರೆ ಅಗ್ಗವೆಂದು ಆಶಿಸುವವರು ಹಿಂಬದಿಯ ಅಕ್ಷರಗಳನ್ನು ಮೊದಲು ಓದತಕ್ಕದ್ದು. ಅಮೆರಿಕದ ಮನೆಗಳಲ್ಲಿ 120 ವೋಲ್ಟು, ಇಲ್ಲಿ 230. ಹಿಂದೊಮ್ಮೆ ಹೀಗೆ ಬಂದ ಟೇಪ್ ರೆಕಾರ್ಡರನ್ನು ನಾನು ಅವಸರದಿಂದ ಗೋಡೆಗೆ ಸಿಕ್ಕಿಸಿ, ಹೊಗೆಯನ್ನೇ ಸಂಗೀತವೆಂದು ಕಂಡೆನು. ಮನೆಯವಳು ಈಗಲೂ ಅದನ್ನು ನೆನಪಿಸುವುದನ್ನು ಬಿಟ್ಟಿಲ್ಲ.

ಬೂಷ್ಟಿನದು ಮತ್ತೊಂದು ಕಾಟ. ಸ್ಪೀಕರಿನ ಕೋನು ಅನೇಕವೇಳೆ ಕಾಗದದ್ದು. ಒದ್ದೆ ಗೋಡೆಗೆ ಒರಗಿಸಿಡಬಾರದು. ಅಡಿಗೆಮನೆಯ ಅಟ್ಟದ ಬೆಚ್ಚಗೆ ಇದಕ್ಕೂ ಹಿತವೆಂದು ಅಕ್ಕನು ಸೂಚಿಸಿದಳು. ಹೊಗೆಯಿಲ್ಲದಿದ್ದರೆ ಅದು ಸರಿಯಾದ ಮಾತೇ.

ದುರಸ್ತಿಯ ವಿಷಯದಲ್ಲಿಯೇ ನಾನು ಬಹಳ ಹಿಂಜರಿದೆನು. ವಾಲ್ವಿನ ಯಂತ್ರವು ಕೆಟ್ಟರೆ, ಅದರ ಕಸಬು ಬಲ್ಲವನು ವಾಲ್ವನ್ನೋ ಕೆಪಾಸಿಟರನ್ನೋ ಬದಲಾಯಿಸಿ ಎಬ್ಬಿಸಬಲ್ಲನು. 1950ರ ದಶಕದ ಯಂತ್ರಗಳು ಹೀಗೆಯೇ ಇಂದಿಗೂ ನುಡಿಯುತ್ತಿವೆ. ಅಂಕಿಯ ಯಂತ್ರದ ಹಲಗೆ ಕೆಟ್ಟರೆ ಮೂಡಿಗೆರೆಯ ರೇಡಿಯೋ ಅಂಗಡಿಯವನು ಕೈಯಾಡಿಸುವಂತಿಲ್ಲ. ಅಲ್ಲದೆ, ಮೊಬೈಲಿನ ಮೂಲಕವೇ ನಡೆಸಬೇಕಾದ ಯಂತ್ರಗಳು ಕೆಲವಿವೆ. ಕಂಪೆನಿಯು ಆ ಆಪನ್ನು ಕೈಬಿಟ್ಟ ದಿವಸ ಪೆಟ್ಟಿಗೆಯೂ ಅರ್ಧ ಮೂಕವಾಗುತ್ತದೆ. ಆದುದರಿಂದ ದನಿಯನ್ನು ತಿದ್ದುವ ಗುಂಡಿಗಳೆಲ್ಲವೂ ಮೈಮೇಲೆಯೇ ಇರುವ ಯಂತ್ರವನ್ನು ಆರಿಸಬೇಕೆಂದು ಭಾವನವರಿಗೆ ಹೇಳಿದೆನು. ಕರ್ನಾಟಕ ಸಂಗೀತವನ್ನು ಗಿಟಾರಿನಲ್ಲಿ ನುಡಿಸುವವರಿಗೆ ಗಮಕವು ತಿಳಿಯಾಗಿ ಕೇಳಿದರೆ ಸಾಕು. ಅವರು ಸಾಧಾರಣ ಧ್ವನಿವರ್ಧಕವನ್ನು ಕೊಂಡು ಉಳಿದ ಹಣದಲ್ಲಿ ಗುರುದಕ್ಷಿಣೆಯನ್ನು ಕೊಡಲಿ. ನಮ್ಮ ಹುಡುಗನದು ಪಾಶ್ಚಾತ್ಯ ರೀತಿ. ಅವನಿಗೆ ಇದು ಸಲ್ಲುತ್ತದೆ, ಆದರೆ ಸಣ್ಣದು.

ಭಾವನವರು ಬಹಳ ಹೊತ್ತು ಅಡಕೆ ಕತ್ತರಿಸುತ್ತ ಕುಳಿತಿದ್ದರು. ಕೊನೆಗೆ ಮಗನನ್ನು ಕರೆದು, "ಹೊಳೆಯ ಕಡೆಯ ಮರಗಳ ಮೇಲಿನ ಮೆಣಸು ಈ ವರ್ಷದಿಂದ ನಿನ್ನದು. ಬಳ್ಳಿ ನೋಡಿಕೊಳ್ಳುವುದೂ ನೀನೇ. ಅರ್ಧ ದುಡ್ಡು ಅದರಿಂದ ಬರಲಿ, ಅರ್ಧ ನಾನು ಕೊಡುತ್ತೇನೆ" ಎಂದರು. ಹುಡುಗನು ನನ್ನ ಕಡೆಗೆ ತಿರುಗಿ, "ಮಾವ, ಬೆಂಗಳೂರಿಗೆ ನೀವೂ ಬನ್ನಿ. ನನ್ನ ಗಿಟಾರನ್ನೇ ತೆಗೆದುಕೊಂಡು ಹೋಗಿ ಅಂಗಡಿಯಲ್ಲಿ ನುಡಿಸಿ ನೋಡೋಣ" ಎಂದನು. ಬಳ್ಳಿಗೆ ಔಷಧ ಹೊಡೆಯಲು ಮರುದಿವಸವೇ ಅವನು ಏಣಿಯನ್ನು ಹೊರತೆಗೆದನೆಂದು ಅಕ್ಕನು ಬರೆದಿದ್ದಾಳೆ.